ಬಿಳಿ ಕೊಳೆ ಶಿಲೀಂಧ್ರಗಳಿಂದ ಕಿಣ್ವ ಉತ್ಪಾದನೆ

ಬಿಳಿ ಕೊಳೆ ಶಿಲೀಂಧ್ರಗಳು ಮರ, ಹುಲ್ಲು ಮೊದಲಾದ ಸಸ್ಯಭಾಗಗಳಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ವಿಘಟಿಸಬಲ್ಲ ಶಿಲೀಂಧ್ರಗಳ ಗುಂಪು. ಇವು ತಮ್ಮ ಎಳೆಗಳಿಂದ ಹೊರಕ್ಕೆ ಸ್ರವಿಸುವ ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್, ಲಿಗ್ನಿನ್ ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳು ಜವಳಿ, ಕಾಗದ, ಪಶು ಆಹಾರ ಹಾಗೂ ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ಉಪಯುಕ್ತವಾಗಿವೆ. ಕೃಷಿ ತ್ಯಾಜ್ಯದ ಮೇಲೆ ಈ ಶಿಲೀಂಧ್ರಗಳನ್ನು ಬೆಳೆಸಿ ಕಿಣ್ವಗಳನ್ನು ಪಡೆಯುವುದು ಜೈವಿಕ ತಂತ್ರಜ್ಞಾನದ ಒಂದು ಶಾಖೆಯಾಗಿ ಬೆಳೆದಿದೆ. ಕರ್ನಾಟಕದ ಕೊಪ್ಪಳ ಜಿಲ್ಲೆಯಂತಹ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿನ ಗಂಗಾವತಿ ಭಾಗದಲ್ಲಿ ಭತ್ತದ ಹುಲ್ಲು ಹೇರಳವಾಗಿ ಉಳಿದರೆ, ಅದೇ ಜಿಲ್ಲೆಯ ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳಲ್ಲಿ ಬರಗಾಲದ ವರ್ಷಗಳಲ್ಲಿ ಮೇವಿನ ಕೊರತೆ ಕಾಡುತ್ತದೆ.

ಹೆಸರು ಮತ್ತು ಲಕ್ಷಣಗಳು

ಸಸ್ಯಗಳ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ಮುಖ್ಯ ಘಟಕಗಳಿವೆ. ಸೆಲ್ಯುಲೋಸ್ ಬಿಳಿ ನಾರಾಗಿದ್ದು, ಲಿಗ್ನಿನ್ ಅದನ್ನು ಸುತ್ತುವರಿದು ಗಾರೆಯಂತೆ ಬಿಗಿಯಾಗಿ ಹಿಡಿದಿರುತ್ತದೆ. ಮರಕ್ಕೆ ಕಂದು ಬಣ್ಣ ಬರುವುದಕ್ಕೆ ಮುಖ್ಯ ಕಾರಣ ಲಿಗ್ನಿನ್. ಈ ಶಿಲೀಂಧ್ರಗಳು ಲಿಗ್ನಿನ್ನನ್ನು ಕರಗಿಸಿದಾಗ ಉಳಿಯುವ ಭಾಗ ಬೆಳ್ಳಗೆ, ನಾರುನಾರಾಗಿ ಕಾಣುತ್ತದೆ. ಆದುದರಿಂದ ಈ ಬಗೆಯ ಕೊಳೆಯುವಿಕೆಗೆ ಬಿಳಿ ಕೊಳೆ ಎಂಬ ಹೆಸರು ಬಂದಿದೆ. ಇದಕ್ಕೆ ವ್ಯತಿರಿಕ್ತವಾಗಿ ಕಂದು ಕೊಳೆ ಶಿಲೀಂಧ್ರಗಳು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತವೆ. ಹೀಗೆ ಕೊಳೆತ ಮರ ಕಂದು ಬಣ್ಣಕ್ಕೆ ತಿರುಗಿ, ಚೌಕಚೌಕವಾಗಿ ಬಿರುಕು ಬಿಟ್ಟು ಪುಡಿಯಾಗುತ್ತದೆ.

ಬಿಳಿ ಕೊಳೆ ಶಿಲೀಂಧ್ರಗಳಲ್ಲಿ ಬಹುತೇಕವು ಬೆಸಿಡಿಯೋಮೈಕೋಟಾ ವಿಭಾಗಕ್ಕೆ ಸೇರಿವೆ. ಪ್ರಮುಖ ಪ್ರಭೇದಗಳು ಹೀಗಿವೆ:

- ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ: ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಪ್ರಭೇದ. ಸುಮಾರು 37ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ.
- ಟ್ರಾಮೀಟಿಸ್ ವರ್ಸಿಕಲರ್: ಸತ್ತ ಮರದ ಮೇಲೆ ಬಣ್ಣಬಣ್ಣದ ಪಟ್ಟೆಗಳಿರುವ ಬೀಸಣಿಗೆಯಂತೆ ಬೆಳೆಯುತ್ತದೆ. ಲ್ಯಾಕೇಸ್ ಉತ್ಪಾದನೆಗೆ ಹೆಸರಾಗಿದೆ.
- ಪ್ಲುರೋಟಸ್ ಪ್ರಭೇದಗಳು: ಸಿಂಪಿ ಅಣಬೆ ಅಥವಾ ಚಿಪ್ಪು ಅಣಬೆ ಎಂದು ಪರಿಚಿತ. ಆಹಾರಕ್ಕಾಗಿ ವ್ಯಾಪಕವಾಗಿ ಬೆಳೆಯಲಾಗುತ್ತದೆ.
- ಗ್ಯಾನೋಡರ್ಮಾ ಪ್ರಭೇದಗಳು: ಔಷಧೀಯ ಬಳಕೆಗೆ ಹೆಸರಾಗಿದ್ದರೂ, ಇವುಗಳಲ್ಲಿ ಕೆಲವು ತೆಂಗು ಮತ್ತು ಅಡಿಕೆ ಮರಗಳಿಗೆ ರೋಗ ತರುತ್ತವೆ.
- ಸೆರಿಪೋರಿಯಾಪ್ಸಿಸ್ ಸಬ್‌ವರ್ಮಿಸ್ಪೋರಾ: ಸೆಲ್ಯುಲೋಸನ್ನು ಹೆಚ್ಚು ಮುಟ್ಟದೆ ಲಿಗ್ನಿನ್ನನ್ನು ಆಯ್ದು ವಿಘಟಿಸುವ ಗುಣವುಳ್ಳದ್ದು.

ಭತ್ತದ ಹುಲ್ಲಿನ ಮೇಲೆ ಬೆಳೆಯುವ ಎಲ್ಲ ಅಣಬೆಗಳೂ ಬಿಳಿ ಕೊಳೆ ಶಿಲೀಂಧ್ರಗಳಲ್ಲ. ಭತ್ತದ ಹುಲ್ಲಿನ ಅಣಬೆ ಎಂದೇ ಕರೆಯಲಾಗುವ ವೋಲ್ವೇರಿಯೆಲ್ಲಾ ವೋಲ್ವೇಸಿಯಾ ಮುಖ್ಯವಾಗಿ ಸೆಲ್ಯುಲೋಸನ್ನು ಬಳಸಿಕೊಳ್ಳುತ್ತದೆ. ಲಿಗ್ನಿನ್ನನ್ನು ವಿಘಟಿಸುವ ಅದರ ಸಾಮರ್ಥ್ಯ ಕಡಿಮೆ.

ಇತಿಹಾಸ

ಈ ಗುಂಪಿನ ಕಿಣ್ವಗಳಲ್ಲಿ ಮೊದಲು ಪತ್ತೆಯಾದುದು ಲ್ಯಾಕೇಸ್. ಅದು ದೊರೆತದ್ದು ಶಿಲೀಂಧ್ರದಲ್ಲಲ್ಲ, ಮರದ ಹಾಲಿನಲ್ಲಿ. 1883ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಹಿಕೊರೊಕುರೊ ಯೋಶಿದಾ ಅವರು ಮೆರುಗೆಣ್ಣೆ ತಯಾರಿಸಲು ಬಳಸುವ ಮರದ ಹಾಲು ಗಾಳಿಗೆ ಗಟ್ಟಿಯಾಗುವುದಕ್ಕೆ ಕಾರಣವಾದ ವಸ್ತುವನ್ನು ಗುರುತಿಸಿದರು. 1890ರ ದಶಕದಲ್ಲಿ ಫ್ರಾನ್ಸಿನ ಗೇಬ್ರಿಯಲ್ ಬರ್ಟ್ರಾಂಡ್ ಅವರು ಅದಕ್ಕೆ ಲ್ಯಾಕೇಸ್ ಎಂಬ ಹೆಸರಿಟ್ಟು, ಅಣಬೆಗಳಲ್ಲಿಯೂ ಅದು ಇರುವುದನ್ನು ತೋರಿಸಿದರು.

1983ರಲ್ಲಿ ಅಮೆರಿಕದ ಎರಡು ಸಂಶೋಧನಾ ತಂಡಗಳು ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂನಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಕಿಣ್ವವನ್ನು ಪ್ರತ್ಯೇಕವಾಗಿ ವರದಿ ಮಾಡಿದವು. ಮರುವರ್ಷ ಮ್ಯಾಂಗನೀಸ್ ಪೆರಾಕ್ಸಿಡೇಸ್ ಪತ್ತೆಯಾಯಿತು. 2004ರಲ್ಲಿ ಇದೇ ಶಿಲೀಂಧ್ರದ ಜೀನೋಮ್ ಪ್ರಕಟವಾಯಿತು. ಬೆಸಿಡಿಯೋಮೈಕೋಟಾ ವಿಭಾಗದಲ್ಲಿ ಜೀನೋಮ್ ಪ್ರಕಟವಾದ ಮೊದಲ ಶಿಲೀಂಧ್ರ ಇದು. ಅದರ ಗಾತ್ರ ಸುಮಾರು 3 ಕೋಟಿ ಪ್ರತ್ಯಾಮ್ಲ ಜೋಡಿಗಳು.

ಪ್ರಮುಖ ಕಿಣ್ವಗಳು

ಲ್ಯಾಕೇಸ್: ಪ್ರತಿ ಅಣುವಿನಲ್ಲಿ ಸಾಮಾನ್ಯವಾಗಿ ನಾಲ್ಕು ತಾಮ್ರದ ಪರಮಾಣುಗಳನ್ನು ಹೊಂದಿರುವ ಕಿಣ್ವ. ಇದು ಫೀನಾಲ್ ವರ್ಗದ ವಸ್ತುಗಳನ್ನು ಉತ್ಕರ್ಷಿಸಿ, ಗಾಳಿಯಲ್ಲಿರುವ ಆಮ್ಲಜನಕವನ್ನು ನೀರಾಗಿ ಪರಿವರ್ತಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೇಡದಿರುವುದರಿಂದ ಕೈಗಾರಿಕೆಯಲ್ಲಿ ಇದರ ಬಳಕೆ ಸುಲಭ. ಮಧ್ಯವರ್ತಿ ರಾಸಾಯನಿಕಗಳನ್ನು ಸೇರಿಸಿದಾಗ ಫೀನಾಲ್ ಅಲ್ಲದ ಭಾಗಗಳ ಮೇಲೂ ಇದು ಕೆಲಸ ಮಾಡಬಲ್ಲದು.

ಲಿಗ್ನಿನ್ ಪೆರಾಕ್ಸಿಡೇಸ್: ಹೀಮ್ ಎಂಬ ಕಬ್ಬಿಣಯುಕ್ತ ಭಾಗವನ್ನು ಹೊಂದಿದ ಕಿಣ್ವ. ಹೈಡ್ರೋಜನ್ ಪೆರಾಕ್ಸೈಡ್ ನೆರವಿನಿಂದ ಲಿಗ್ನಿನ್‌ನ ಹೆಚ್ಚಿನ ಪಾಲಾಗಿರುವ, ಫೀನಾಲ್ ಅಲ್ಲದ ಗಟ್ಟಿ ಭಾಗಗಳನ್ನೂ ನೇರವಾಗಿ ಉತ್ಕರ್ಷಿಸುತ್ತದೆ.

ಮ್ಯಾಂಗನೀಸ್ ಪೆರಾಕ್ಸಿಡೇಸ್: ಇದೂ ಹೀಮ್ ಕಿಣ್ವ. ದ್ವಿವೇಲೆನ್ಸಿಯ ಮ್ಯಾಂಗನೀಸನ್ನು ತ್ರಿವೇಲೆನ್ಸಿಯ ರೂಪಕ್ಕೆ ತರುತ್ತದೆ. ಆಕ್ಸಲಿಕ್ ಆಮ್ಲದಂತಹ ಆಮ್ಲಗಳೊಡನೆ ಕೂಡಿದ ಈ ಮ್ಯಾಂಗನೀಸ್ ಹರಿದು ಹೋಗಿ ಲಿಗ್ನಿನ್ ಮೇಲೆ ಕೆಲಸ ಮಾಡುತ್ತದೆ.

ಬಹುಮುಖ ಪೆರಾಕ್ಸಿಡೇಸ್: ಮೇಲಿನ ಎರಡೂ ಪೆರಾಕ್ಸಿಡೇಸ್‌ಗಳ ಗುಣವನ್ನು ಹೊಂದಿದೆ. ಪ್ಲುರೋಟಸ್ ಪ್ರಭೇದಗಳಲ್ಲಿ ಕಂಡುಬರುತ್ತದೆ.

ಕೊಳೆಯದ ಕೋಶಭಿತ್ತಿಯ ರಂಧ್ರಗಳು ಬಹಳ ಕಿರಿದಾಗಿರುವುದರಿಂದ ಕಿಣ್ವಗಳು ಆರಂಭದಲ್ಲಿ ಅದರೊಳಗೆ ಇಳಿಯಲಾರವು. ಕಿಣ್ವಗಳು ಉಂಟುಮಾಡುವ ಸಣ್ಣ ಕ್ರಿಯಾಶೀಲ ಕಣಗಳು ಮೊದಲು ಒಳಹೊಕ್ಕು ಲಿಗ್ನಿನ್ನನ್ನು ಸಡಿಲಗೊಳಿಸುತ್ತವೆ. ಹುಲ್ಲಿಗೆ ಕಿಣ್ವವನ್ನು ಸಿಂಪಡಿಸಿದ ಮಾತ್ರಕ್ಕೆ, ಜೀವಂತ ಶಿಲೀಂಧ್ರ ಬೆಳೆದಾಗ ಆಗುವಷ್ಟು ಬದಲಾವಣೆ ಆಗದಿರಲು ಇದೂ ಒಂದು ಕಾರಣ.

ಕೊಪ್ಪಳ ಜಿಲ್ಲೆಯ ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳನ್ನು ಒಳಗೊಂಡಿತ್ತು. ಕಾರಟಗಿ, ಕನಕಗಿರಿ ಮತ್ತು ಕುಕನೂರು ತಾಲೂಕುಗಳು ನಂತರ ರಚನೆಯಾದವು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರಾವರಿಯಿಂದ ಗಂಗಾವತಿ ಮತ್ತು ಕಾರಟಗಿ ಪ್ರದೇಶ ಭತ್ತದ ಕಣಜವೆಂದು ಹೆಸರಾಯಿತು. ಅಕ್ಕಿ ಗಿರಣಿಗಳು ಇಲ್ಲಿನ ಪ್ರಮುಖ ಉದ್ಯಮ. ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತವಾಗಿದ್ದು, ಜೋಳ, ಸಜ್ಜೆ, ಮೆಕ್ಕೆಜೋಳ, ಕಡಲೆ ಮತ್ತು ಶೇಂಗಾ ಮುಖ್ಯ ಬೆಳೆಗಳಾಗಿವೆ.

ಒಂದು ಟನ್ ಭತ್ತ ಬೆಳೆದಾಗ ಸರಿಸುಮಾರು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹುಲ್ಲು ಉತ್ಪತ್ತಿಯಾಗುತ್ತದೆ. ಕೈಕೊಯ್ಲಿನ ಕಾಲದಲ್ಲಿ ಹುಲ್ಲನ್ನು ಬಣವೆ ಒಟ್ಟಿ ವರ್ಷವಿಡೀ ದನಗಳಿಗೆ ಹಾಕಲಾಗುತ್ತಿತ್ತು. ಯಂತ್ರದಿಂದ ಕಟಾವು ಮಾಡಿದಾಗ ಹುಲ್ಲು ಗದ್ದೆಯಲ್ಲಿಯೇ ಚದುರಿ ಬೀಳುತ್ತದೆ. ಎರಡನೆಯ ಬೆಳೆಗೆ ಗದ್ದೆಯನ್ನು ಬೇಗ ಸಿದ್ಧಪಡಿಸಬೇಕಾದಾಗ ಅದಕ್ಕೆ ಬೆಂಕಿ ಹಚ್ಚುವ ರೂಢಿ ಭತ್ತದ ಸೀಮೆಗಳಲ್ಲಿ ಬೆಳೆದಿದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೋಗ್ರಾಂ ಸಾರಜನಕವಿದ್ದು, ಸುಟ್ಟಾಗ ಅದರ ಬಹುಭಾಗ ಗಾಳಿಯ ಪಾಲಾಗುತ್ತದೆ.

ಹುಲ್ಲನ್ನು ನೇರವಾಗಿ ಮೇವಾಗಿ ಬಳಸುವುದಕ್ಕೂ ಮಿತಿಯಿದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಅಂಶ ಶೇ. 3ರಿಂದ 5ರಷ್ಟು ಮಾತ್ರ. ಲಿಗ್ನಿನ್ ಮತ್ತು ಸಿಲಿಕಾ ಎರಡೂ ಅದರ ಜೀರ್ಣತೆಯನ್ನು ತಗ್ಗಿಸುತ್ತವೆ. ಲಿಗ್ನಿನ್ನನ್ನು ಸಡಿಲಗೊಳಿಸಿದರೆ ಒಳಗಿರುವ ಸೆಲ್ಯುಲೋಸ್ ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಎಟುಕುತ್ತದೆ. ಹುಲ್ಲು ಮಿಕ್ಕುವ ಊರಿನಿಂದ ಮೇವು ಸಾಲದ ಊರಿಗೆ ಅದನ್ನು ಸಾಗಿಸುವಾಗ, ಸಾಗಣೆಯ ವೆಚ್ಚಕ್ಕೆ ತಕ್ಕ ಪೋಷಣೆ ಅದರಲ್ಲಿರಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಕರ್ನಾಟಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಈ ದಿಸೆಯ ಸಂಶೋಧನೆ ನಡೆದಿದೆ. ಬಿಳಿ ಕೊಳೆ ಶಿಲೀಂಧ್ರಗಳ ಲ್ಯಾಕೇಸ್ ಮತ್ತು ಪೆರಾಕ್ಸಿಡೇಸ್ ಕಿಣ್ವಗಳಿಂದ ರಾಗಿ, ಭತ್ತ ಮೊದಲಾದ ಬೆಳೆಗಳ ಹುಲ್ಲಿನ ಜೀರ್ಣತೆಯನ್ನು ಹೆಚ್ಚಿಸುವ ಸಾಧ್ಯತೆಯನ್ನು ಅಲ್ಲಿ ಪರೀಕ್ಷಿಸಲಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆ ಬೀಜ ಮತ್ತು ತರಬೇತಿಯನ್ನು ಒದಗಿಸುತ್ತದೆ. ಗಂಗಾವತಿಯಲ್ಲಿ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಸಂಶೋಧನಾ ಕೇಂದ್ರವಿದ್ದು, ಭತ್ತ ಮತ್ತು ಸವಳು ಭೂಮಿಯ ನಿರ್ವಹಣೆ ಅದರ ಪ್ರಮುಖ ವಿಷಯಗಳಾಗಿವೆ.

ಬೆಳೆಸುವ ವಿಧಾನ

ಪ್ರಭೇದದ ಆಯ್ಕೆ

ಉಷ್ಣತೆ, ಬೇಕಾದ ಕಿಣ್ವ ಮತ್ತು ಉಳಿಯುವ ಹುಲ್ಲಿನ ಬಳಕೆ ಈ ಮೂರನ್ನು ನೋಡಿ ಪ್ರಭೇದವನ್ನು ಆರಿಸಲಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಬೇಸಿಗೆಯ ಹಗಲಿನ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸಿಂಪಿ ಅಣಬೆಯ ಹಲವು ತಳಿಗಳಿಗೆ 20ರಿಂದ 30 ಡಿಗ್ರಿ ಹಿತಕರವಾದುದರಿಂದ ಮಳೆಗಾಲ ಮತ್ತು ಚಳಿಗಾಲ ಅವುಗಳಿಗೆ ಸೂಕ್ತ. ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ ಬಿಸಿಲನಾಡಿನ ಉಷ್ಣತೆಗೆ ಒಗ್ಗುತ್ತದೆಯಾದರೂ ಲಿಗ್ನಿನ್ ಜೊತೆಗೆ ಸೆಲ್ಯುಲೋಸನ್ನೂ ತಿನ್ನುತ್ತದೆ. ಆದ್ದರಿಂದ ಕಿಣ್ವವೊಂದೇ ಗುರಿಯಾಗಿದ್ದಾಗ ಅದು ಸರಿ. ಮೇವು ಗುರಿಯಾಗಿದ್ದರೆ ಅಷ್ಟು ಸೂಕ್ತವಲ್ಲ.

ಬೀಜ ತಯಾರಿಕೆ

ಆಲೂಗಡ್ಡೆ ಸಾರ, ಡೆಕ್ಸ್‌ಟ್ರೋಸ್ ಮತ್ತು ಅಗರ್ ಸೇರಿಸಿದ ಮಾಧ್ಯಮದ ಮೇಲೆ ಶುದ್ಧ ತಳಿಯನ್ನು ಬೆಳೆಸಿಕೊಳ್ಳಲಾಗುತ್ತದೆ. ನಂತರ ಜೋಳದ ಕಾಳನ್ನು ಒಡೆಯದಂತೆ ಅರೆಬೇಯಿಸಿ, ನೀರು ಬಸಿದು, ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಜಿಪ್ಸಂ ಬೆರೆಸಿ, ಬಾಟಲಿ ಅಥವಾ ಚೀಲಗಳಲ್ಲಿ ತುಂಬಿ ನಿರ್ಜಂತುಗೊಳಿಸಲಾಗುತ್ತದೆ. ತಣಿದ ಕಾಳಿಗೆ ಶುದ್ಧ ತಳಿಯ ತುಣುಕನ್ನು ಹಾಕಿದರೆ, ಎರಡು ಮೂರು ವಾರಗಳಲ್ಲಿ ಬಿಳಿ ಎಳೆಗಳು ಕಾಳನ್ನೆಲ್ಲ ಆವರಿಸುತ್ತವೆ. ಇದೇ ಅಣಬೆ ಬೀಜ.

ಘನಸ್ಥಿತಿ ಹುದುಗುವಿಕೆ

ಹರಿಯುವ ನೀರಿಲ್ಲದೆ, ತೇವವುಳ್ಳ ಘನ ವಸ್ತುವಿನ ಮೇಲೆ ಶಿಲೀಂಧ್ರವನ್ನು ಬೆಳೆಸುವ ಕ್ರಮವಿದು. ಪ್ರಕೃತಿಯಲ್ಲಿ ಈ ಶಿಲೀಂಧ್ರಗಳು ಬೆಳೆಯುವ ರೀತಿಗೆ ಇದು ಹತ್ತಿರವಾಗಿದೆ. ಸಾಮಾನ್ಯ ಹಂತಗಳು ಹೀಗಿವೆ:

1. ಬೂಷ್ಟು ಹಿಡಿಯದ ಹೊಸ ಹುಲ್ಲನ್ನು 3ರಿಂದ 5 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸುವುದು.
2. ನೀರಿನಲ್ಲಿ ನೆನೆಸಿ, ಹೆಚ್ಚಾದ ನೀರನ್ನು ಬಸಿದು, ತೇವಾಂಶವನ್ನು ಶೇ. 60ರಿಂದ 70ಕ್ಕೆ ತರುವುದು.
3. ಒತ್ತಡದ ಹಬೆಯಲ್ಲಿ 121 ಡಿಗ್ರಿ ಉಷ್ಣತೆಯಲ್ಲಿ ನಿರ್ಜಂತುಗೊಳಿಸುವುದು. ಅಣಬೆ ಬೇಸಾಯದಲ್ಲಿ ಬಿಸಿನೀರು ಅಥವಾ ಸಾಮಾನ್ಯ ಹಬೆ ಸಾಕಾಗುತ್ತದೆ. ಆದರೆ ಕಿಣ್ವ ಉತ್ಪಾದನೆಗೆ ಪೂರ್ಣ ನಿರ್ಜಂತುಕರಣ ಹೆಚ್ಚು ಭರವಸೆಯದು.
4. ತಣಿದ ನಂತರ ತೂಕದ ಶೇ. 5ರಿಂದ 10ರಷ್ಟು ಬೀಜವನ್ನು ಬೆರೆಸುವುದು.
5. ಗಾಳಿಯಾಡುವಂತೆ ಸಡಿಲವಾಗಿ ತುಂಬಿ, ಪ್ರಭೇದಕ್ಕೆ ಹೊಂದುವ ಉಷ್ಣತೆಯಲ್ಲಿ ಇಡುವುದು.
6. ಕೆಲವು ದಿನಗಳಿಗೊಮ್ಮೆ ಮಾದರಿ ತೆಗೆದು, ಕಿಣ್ವದ ಪ್ರಮಾಣ ಗರಿಷ್ಠವಾದ ದಿನ ಕೊಯ್ಲು ಮಾಡುವುದು. ಪ್ರಭೇದ ಮತ್ತು ಕಿಣ್ವಕ್ಕೆ ತಕ್ಕಂತೆ ಇದು ಸಾಮಾನ್ಯವಾಗಿ ಒಂದರಿಂದ ಮೂರು ವಾರ.

ತೇವಾಂಶದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶೇ. 10ರಷ್ಟು ತೇವವಿರುವ 1 ಕಿಲೋಗ್ರಾಂ ಹುಲ್ಲಿನಲ್ಲಿ ಒಣ ಅಂಶ 900 ಗ್ರಾಂ. ತೇವಾಂಶ ಶೇ. 65 ಆಗಬೇಕಾದರೆ ಈ 900 ಗ್ರಾಂ ಒಟ್ಟು ತೂಕದ ಶೇ. 35 ಆಗಬೇಕು. ಆಗ ಒಟ್ಟು ತೂಕ ಸುಮಾರು 2,570 ಗ್ರಾಂ. ಅಂದರೆ ಹುಲ್ಲು ಹೀರಬೇಕಾದ ನೀರು ಸುಮಾರು 1.57 ಲೀಟರ್. ನೀರು ಇದಕ್ಕಿಂತ ಬಹಳ ಹೆಚ್ಚಾದರೆ ಹುಲ್ಲಿನ ನಡುವಿನ ಗಾಳಿ ಕಡಿಮೆಯಾಗಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕಡಿಮೆಯಾದರೆ ಶಿಲೀಂಧ್ರದ ಎಳೆಗಳು ಹರಡುವುದಿಲ್ಲ.

ದ್ರವಮಾಧ್ಯಮ ಹುದುಗುವಿಕೆ

ಪೋಷಕಾಂಶಗಳುಳ್ಳ ದ್ರವದಲ್ಲಿ ಶಿಲೀಂಧ್ರವನ್ನು ಬೆಳೆಸುವ ಈ ಕ್ರಮದಲ್ಲಿ ಉಷ್ಣತೆ, ಆಮ್ಲತೆ ಮತ್ತು ಆಮ್ಲಜನಕವನ್ನು ನಿಖರವಾಗಿ ನಿಯಂತ್ರಿಸಬಹುದು. ಕಿಣ್ವವು ದ್ರವದಲ್ಲಿಯೇ ಸೇರುವುದರಿಂದ ಸಂಗ್ರಹಿಸುವುದೂ ಸುಲಭ. ಆದರೆ ವೇಗವಾಗಿ ಕಲಕಿದರೆ ಎಳೆಗಳು ತುಂಡಾಗುತ್ತವೆ. ಕೆಲವು ಪ್ರಭೇದಗಳಲ್ಲಿ ಪೆರಾಕ್ಸಿಡೇಸ್ ಉತ್ಪಾದನೆ ಕುಗ್ಗುತ್ತದೆ. ದೊಡ್ಡ ಪ್ರಮಾಣದಲ್ಲಿ ಲ್ಯಾಕೇಸ್ ತಯಾರಿಸುವಾಗ ಅದರ ಜೀನನ್ನು ಆಸ್ಪರ್ಜಿಲಸ್ ಒರೈಜೆಯಂತಹ ವೇಗವಾಗಿ ಬೆಳೆಯುವ ಶಿಲೀಂಧ್ರಕ್ಕೆ ಸೇರಿಸಿ ಉತ್ಪಾದಿಸುವ ಕ್ರಮವೂ ಇದೆ.

ಪ್ರಚೋದಕಗಳು

ಅಲ್ಪ ಪ್ರಮಾಣದ ತಾಮ್ರದ ಸಲ್ಫೇಟ್ ಹಲವು ಪ್ರಭೇದಗಳಲ್ಲಿ ಲ್ಯಾಕೇಸ್ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಮಿತಿ ಮೀರಿದರೆ ಅದೇ ವಿಷವಾಗುತ್ತದೆ. ಮ್ಯಾಂಗನೀಸ್ ಲವಣ ಮ್ಯಾಂಗನೀಸ್ ಪೆರಾಕ್ಸಿಡೇಸ್‌ಗೆ ಸಹಕಾರಿ. ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ ಸಾರಜನಕದಂತಹ ಪೋಷಕಾಂಶದ ಕೊರತೆಯಾದಾಗ ಲಿಗ್ನಿನ್ ವಿಘಟನೆಗೆ ತೊಡಗುತ್ತದೆ. ಆದ್ದರಿಂದ ಬೆಳೆಗೆ ಗೊಬ್ಬರ ಹಾಕಿದಂತೆ ಯೂರಿಯಾ ಹೆಚ್ಚಿಸಿದರೆ ಕಿಣ್ವ ಹೆಚ್ಚುತ್ತದೆಂಬ ಊಹೆ ಇಲ್ಲಿ ತಪ್ಪಾಗುತ್ತದೆ.

ಸಂಗ್ರಹ ಮತ್ತು ಶುದ್ಧೀಕರಣ

ಬೆಳೆದ ಹುಲ್ಲನ್ನು ಪಿಎಚ್ 4.5ರಿಂದ 5ರ ಬಫರ್ ದ್ರಾವಣದಲ್ಲಿ ತಣ್ಣಗೆ ಕಲಕಿ, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದಾಗ ದೊರೆಯುವ ತಿಳಿದ್ರವವೇ ಕಚ್ಚಾ ಕಿಣ್ವ. ಬಣ್ಣ ತೆಗೆಯುವಂತಹ ಕೆಲಸಗಳಿಗೆ ಇದೇ ಸಾಕಾಗಬಹುದು. ಹೆಚ್ಚಿನ ಶುದ್ಧತೆ ಬೇಕಾದಾಗ ಅತಿಸೂಕ್ಷ್ಮ ಶೋಧನೆ, ಅಮೋನಿಯಂ ಸಲ್ಫೇಟ್‌ನಿಂದ ಒತ್ತರಿಸುವಿಕೆ, ಡಯಾಲಿಸಿಸ್ ಮತ್ತು ಕ್ರೊಮ್ಯಾಟೋಗ್ರಫಿ ಬಳಸಲಾಗುತ್ತದೆ. ಪ್ರತಿ ಹಂತದಲ್ಲೂ ಸ್ವಲ್ಪ ಕಿಣ್ವ ನಷ್ಟವಾಗಿ ವೆಚ್ಚ ಏರುತ್ತದೆ.

ಚಟುವಟಿಕೆಯ ಅಳತೆ

ನಿರ್ದಿಷ್ಟ ಸ್ಥಿತಿಯಲ್ಲಿ ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಪರಿವರ್ತಿಸುವ ಕಿಣ್ವದ ಪ್ರಮಾಣವನ್ನು ಒಂದು ಘಟಕ ಎನ್ನುತ್ತಾರೆ. ಲ್ಯಾಕೇಸನ್ನು ಅಳೆಯಲು ಎಬಿಟಿಎಸ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಬಳಸುತ್ತಾರೆ. ಕಿಣ್ವ ಸೇರಿದಾಗ ಅದು ನೀಲಿಹಸಿರು ಬಣ್ಣಕ್ಕೆ ತಿರುಗುತ್ತದೆ. 420 ನ್ಯಾನೋಮೀಟರ್ ತರಂಗದಲ್ಲಿ ಆ ಬಣ್ಣದ ಏರಿಕೆಯನ್ನು ಅಳೆಯಲಾಗುತ್ತದೆ. ಅದರ ಮೋಲಾರ್ ಹೀರಿಕೆ ಗುಣಾಂಕ 36,000.

ಲೆಕ್ಕದ ಮಾದರಿಗಾಗಿ, 3 ಮಿಲಿಲೀಟರ್ ಮಿಶ್ರಣದಲ್ಲಿ 0.1 ಮಿಲಿಲೀಟರ್ ಕಿಣ್ವವಿದ್ದು, 1 ಸೆಂಟಿಮೀಟರ್ ದಾರಿಯಲ್ಲಿ ಹೀರಿಕೆ ನಿಮಿಷಕ್ಕೆ 0.36 ಏರಿತೆಂದು ಭಾವಿಸಬಹುದು. 0.36ನ್ನು 36,000ದಿಂದ ಭಾಗಿಸಿದರೆ ಲೀಟರಿಗೆ 10 ಮೈಕ್ರೋಮೋಲ್. 3 ಮಿಲಿಲೀಟರಿನಲ್ಲಿ 0.03 ಮೈಕ್ರೋಮೋಲ್. ಇದು 0.1 ಮಿಲಿಲೀಟರ್ ಕಿಣ್ವದ ಕೆಲಸವಾದುದರಿಂದ, ಪ್ರತಿ ಮಿಲಿಲೀಟರಿಗೆ 0.3 ಘಟಕ. 10 ಗ್ರಾಂ ಒಣ ಹುಲ್ಲಿನಿಂದ ಇಂತಹ 100 ಮಿಲಿಲೀಟರ್ ದ್ರವ ದೊರೆತಿದ್ದರೆ, ಇಳುವರಿ ಗ್ರಾಂ ಹುಲ್ಲಿಗೆ 3 ಘಟಕ. ಬೇರೆ ಬೇರೆ ರಾಸಾಯನಿಕ ಬಳಸಿ ಅಳೆದ ಘಟಕಗಳನ್ನು ನೇರವಾಗಿ ಹೋಲಿಸಲಾಗದು.

ಉಪಯೋಗಗಳು

ಜವಳಿ: 1996ರಲ್ಲಿ ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಸಂಸ್ಥೆ ಡೆನಿಮ್ ಬಟ್ಟೆಯ ಬಣ್ಣ ಮಾಸಿಸಲು ಲ್ಯಾಕೇಸ್ ಆಧಾರಿತ ಉತ್ಪನ್ನವನ್ನು ಮಾರುಕಟ್ಟೆಗೆ ತಂದಿತು. ಲ್ಯಾಕೇಸ್ ನೀಲಿ ಬಣ್ಣದ ಇಂಡಿಗೊವನ್ನು ಬಣ್ಣ ಕಳೆದುಕೊಂಡ ಸಣ್ಣ ಅಣುಗಳಾಗಿ ಒಡೆಯುತ್ತದೆ. ಕೊಪ್ಪಳದ ನೆರೆಯ ಬಳ್ಳಾರಿ ನಗರ ಜೀನ್ಸ್ ಉಡುಪು ತಯಾರಿಕೆಗೆ ಹೆಸರಾಗಿರುವುದರಿಂದ, ಬಟ್ಟೆ ತೊಳೆಯುವಲ್ಲಿಯೂ ಬಣ್ಣದ ನೀರಿನ ಶುದ್ಧೀಕರಣದಲ್ಲಿಯೂ ಈ ಕಿಣ್ವಕ್ಕೆ ಹತ್ತಿರದ ಬಳಕೆಯ ಅವಕಾಶವಿದೆ.

ಕಾಗದ: ತಿರುಳನ್ನು ಬಿಳುಪುಗೊಳಿಸುವಾಗ ಕ್ಲೋರಿನ್ ರಾಸಾಯನಿಕಗಳ ಬಳಕೆಯನ್ನು ತಗ್ಗಿಸಲು ಈ ಕಿಣ್ವಗಳು ನೆರವಾಗುತ್ತವೆ.

ಪರಿಸರ: ಲಿಗ್ನಿನ್‌ನಂತಹ ಅನಿಯತ ರಚನೆಯ ಮೇಲೆ ಕೆಲಸ ಮಾಡುವ ಈ ಕಿಣ್ವಗಳು ಬಣ್ಣಗಳು, ಕೆಲವು ಕೀಟನಾಶಕಗಳು ಹಾಗೂ ತೈಲಜನ್ಯ ಮಾಲಿನ್ಯಕಾರಕಗಳನ್ನೂ ಒಡೆಯಬಲ್ಲವು.

ಮೇವು: ಚಿಲಿ ದೇಶದ ದಕ್ಷಿಣ ಭಾಗದಲ್ಲಿ ಬಿಳಿ ಕೊಳೆ ಹಿಡಿದ ಮರವನ್ನು ದನಗಳಿಗೆ ಮೇವಾಗಿ ಹಾಕುವ ಹಳೆಯ ರೂಢಿಯಿದೆ. ಭಾರತದಲ್ಲಿ 1980ರ ದಶಕದಲ್ಲಿ ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಯೂರಿಯಾ ಉಪಚಾರ ಮಾಡಿದ ಹುಲ್ಲಿನ ಮೇಲೆ ಕೊಪ್ರಿನಸ್ ಶಿಲೀಂಧ್ರವನ್ನು ಬೆಳೆಸುವ ವಿಧಾನ ರೂಪುಗೊಂಡಿತು. ಅದು ಕರ್ನಾಲ್ ವಿಧಾನ ಎಂದು ಹೆಸರಾಯಿತು.

ಮಿತಿಗಳು

ಶಿಲೀಂಧ್ರವೂ ಬದುಕಬೇಕಾದುದರಿಂದ ಹುಲ್ಲಿನ ಒಂದು ಪಾಲನ್ನು ಅದು ತಿನ್ನುತ್ತದೆ. ಜೀರ್ಣತೆ ಹೆಚ್ಚಿದರೂ ಒಟ್ಟು ಹುಲ್ಲು ಕಡಿಮೆಯಾಗುತ್ತದೆ. ಉದಾಹರಣೆಗೆ, 100 ಕಿಲೋಗ್ರಾಂ ಒಣ ಹುಲ್ಲಿನ ಜೀರ್ಣತೆ ಶೇ. 45 ಇದ್ದರೆ ದನಕ್ಕೆ ದಕ್ಕುವುದು 45 ಕಿಲೋಗ್ರಾಂ. ಶಿಲೀಂಧ್ರ ಬೆಳೆದ ಮೇಲೆ ಜೀರ್ಣತೆ ಶೇ. 55ಕ್ಕೆ ಏರಿ, ಹುಲ್ಲು 80 ಕಿಲೋಗ್ರಾಂಗೆ ಇಳಿದರೆ ದಕ್ಕುವುದು 44 ಕಿಲೋಗ್ರಾಂ ಮಾತ್ರ. ಲಾಭ ಕಾಣಬೇಕಾದರೆ ನಷ್ಟ ಇದಕ್ಕಿಂತ ಕಡಿಮೆ ಇರಬೇಕು. ಲಿಗ್ನಿನ್ನನ್ನು ಆಯ್ದು ತಿನ್ನುವ ಪ್ರಭೇದಗಳಿಗೆ ಮಹತ್ವ ಬಂದಿರುವುದು ಇದೇ ಕಾರಣದಿಂದ. ಭತ್ತದ ಹುಲ್ಲಿನಲ್ಲಿರುವ ಸಿಲಿಕಾವನ್ನು ಈ ಕಿಣ್ವಗಳು ಕರಗಿಸುವುದಿಲ್ಲ.

ನಿರ್ಜಂತುಕರಣಕ್ಕೆ ಬೇಕಾದ ಇಂಧನ, ಮಳೆಯಾಶ್ರಿತ ತಾಲೂಕುಗಳಲ್ಲಿ ನೀರಿನ ಅಭಾವ ಮತ್ತು ಬೇರೆ ಬೂಷ್ಟುಗಳ ಪೈಪೋಟಿ ಇತರ ಅಡ್ಡಿಗಳು. ಈ ಕಾರಣದಿಂದ, ಮೊದಲು ಸಿಂಪಿ ಅಣಬೆಯನ್ನು ಬೆಳೆದು ಮಾರಿ, ಉಳಿದ ಹುಲ್ಲಿನಿಂದ ಕಚ್ಚಾ ಕಿಣ್ವವನ್ನು ತೆಗೆದು, ಕೊನೆಗೆ ಶೇಷವನ್ನು ಕಾಂಪೋಸ್ಟ್ ಮಾಡುವ ಸರಣಿ ಬಳಕೆ ಸಣ್ಣ ಪ್ರಮಾಣಕ್ಕೆ ಹೆಚ್ಚು ಹೊಂದುತ್ತದೆ. ಇದರಲ್ಲಿ ಹುಲ್ಲು ಮತ್ತು ನಿರ್ಜಂತುಕರಣದ ವೆಚ್ಚವನ್ನು ಅಣಬೆಯೇ ಭರಿಸುತ್ತದೆ.

ಸುರಕ್ಷತೆ

ಸಿಂಪಿ ಅಣಬೆಯ ಬೀಜಾಣುಗಳನ್ನು ಮುಚ್ಚಿದ ಕೋಣೆಯಲ್ಲಿ ನಿರಂತರವಾಗಿ ಉಸಿರಾಡಿದರೆ ಶ್ವಾಸಕೋಶದ ಅಲರ್ಜಿ ಉಂಟಾಗಬಹುದು. ಒಣಗಿಸಿದ ಕಿಣ್ವದ ಪುಡಿಯೂ ಅಲರ್ಜಿಕಾರಕ. ಆದ್ದರಿಂದ ಮುಖಗವಸು ಮತ್ತು ಗಾಳಿ ಸಂಚಾರ ಅಗತ್ಯ. ಹಸಿರು, ಕಪ್ಪು ಅಥವಾ ಹಳದಿ ಬೂಷ್ಟು ಕಂಡ ಚೀಲದ ಹುಲ್ಲನ್ನು ದನಗಳಿಗೆ ಹಾಕಬಾರದು. ಆಸ್ಪರ್ಜಿಲಸ್ ಗುಂಪಿನ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ, ಮತ್ತು ಅದು ಹಾಲಿನ ಮೂಲಕ ಮನುಷ್ಯರನ್ನೂ ತಲುಪುತ್ತದೆ. ಗ್ಯಾನೋಡರ್ಮಾ ಬೆಳೆಸಿದ ಶೇಷವನ್ನು ಚೆನ್ನಾಗಿ ಬೇಯಿಸದೆ ತೆಂಗು ಅಥವಾ ಅಡಿಕೆ ತೋಟಗಳಿಗೆ ಹಾಕುವುದು ಸೂಕ್ತವಲ್ಲ.